ಸೊಸೆಗೆಂದೇ ಹಿಂಡಿದ ಹಾಲು

ಗ್ಲೌಸು ಕೊಟ್ಟರೆ ಅದರೊಳಗೆ ಒಣಮೆಣಸಿನಕಾಯಿ ತುಂಬಿ, ಗಂಟು ಹಾಕಿ ಗೂಟಕ್ಕೆ ನೇತುಹಾಕುವ ಹೆಂಗಸಿಗೆ ಏನು ಹೇಳುವುದು? ನಾನು ಸಾಬಮ್ಮ, ಚಿತ್ತಾಪುರ ತಾಲೂಕಿನ ನಮ್ಮೂರಿನ ಪಶುಸಖಿ. ಆಡು, ಎಮ್ಮೆ, ಕೋಳಿಗೆ ಹುಷಾರಿಲ್ಲದಿದ್ದರೆ ಮೊದಲು ನಾನು ನೋಡಬೇಕು, ಆಮೇಲೆ ಡಾಕ್ಟರು. ಅದು ಸರ್ಕಾರ ಹೇಳುವ ಮಾತು. ಊರವರು ಮಾತ್ರ ಆಡು ಈಯುವ ಹೊತ್ತಿಗೆ ಓಡುತ್ತಿದ್ದುದು ನಮ್ಮ ಓಣಿಯ ಇಮಾಮ್‌ಬೀ ಖಾಲಾ ಹತ್ತಿರ. ನನಗೆ ಹೊಟ್ಟೆಯುರಿ ಇತ್ತು, ಸುಳ್ಳು ಯಾಕೆ ಹೇಳಲಿ.

ಖಾಲಾಗೆ ಅರವತ್ತರ ಹತ್ತಿರ. ಮರಿ ಅಡ್ಡ ಸಿಕ್ಕಿಕೊಂಡರೆ ಕೈಗೆ ಎಣ್ಣೆ ಸವರಿ ಒಳಗೆ ಹಾಕಿ, ತಿರುಗಿಸಿ ತೆಗೆಯುತ್ತಿದ್ದಳು. ಉಸಿರಿಲ್ಲದೆ ಬಿದ್ದ ಮರಿಯಾದರೆ ಅದರ ಮೂಗಿನ ಲೋಳೆ ಒರೆಸಿ, ಬಾಯಿಗೆ ಬಾಯಿ ಇಟ್ಟು ಊದುತ್ತಿದ್ದಳು. ಮರಿ ಒದ್ದಾಡಿ ಮ್ಯಾಂ ಎಂದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಎಲೆ ಅಡಿಕೆ ಕೇಳುತ್ತಿದ್ದಳು. ಮರಿಯ ಹಿಂದೆ ಬೀಳುವ ಮಾಸನ್ನೂ ಬರಿಗೈಯಲ್ಲೇ ಎತ್ತಿ ತಿಪ್ಪೆಗೆ ಒಗೆಯುತ್ತಿದ್ದಳು.

"ಖಾಲಾ, ಗ್ಲೌಸ್ ಹಾಕ್ಕೋರಿ" ಎಂದರೆ, "ಹಾಕ್ಕೊಂಡ್ರ ಕಾಲು ಯಾವ್ದು, ತಲಿ ಯಾವ್ದು ಹೆಂಗ ಗೊತ್ತಾಗಬೇಕವಾ? ನೀ ಹಾಕ್ಕೊಂಡು ಫೋಟೋ ತೆಗಿಸ್ಕೋ ಹೋಗು" ಎನ್ನುತ್ತಿದ್ದಳು. ಓಣಿಯೆಲ್ಲ ನಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಮಗ ಫೈಜಾನ್ ಶಹಾಬಾದಿಗೆ, ನೆಲಕ್ಕೆ ಹಾಸುವ ಫರಸಿಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಅತೀಯಾ ಸೇಡಂ ಕಡೆಯವಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಎರಡು ಸಲ ಬಸುರಾದಳು, ಎರಡು ಸಲವೂ ಐದನೇ ತಿಂಗಳು ದಾಟಲಿಲ್ಲ. ಬೇರೆ ಅತ್ತೆಯಾಗಿದ್ದರೆ ಏನೇನು ಅನ್ನುತ್ತಿದ್ದಳೋ. ಖಾಲಾ ಒಂದು ಕೆಟ್ಟ ಮಾತಾಡಲಿಲ್ಲ. ಆಡಿದವರ ಜನ್ಮ ಜಾಲಾಡಿದಳು. "ಹುಡುಗಿ ಮೈಯಾಗ ತಾಕತ್ತಿಲ್ಲ, ಅಷ್ಟೇ" ಎಂದಳು. ಸೊಸೆ ಮನೆಗೆ ಬಂದಾಗಿನಿಂದಲೂ ದಿನಾ ಸಂಜೆ ಆಡು ಹಿಂಡಿ, ನೊರೆ ಇಳಿಯುವ ಮೊದಲೇ ಲೋಟ ತಂದು ಅವಳ ಕೈಗೆ ಇಡುತ್ತಿದ್ದಳು. ಕಾಸಿದರೆ ಹಾಲಿನ ಸತ್ವ ಹೋಗುತ್ತದಂತೆ. ಉಳಿದ ಹಾಲು ಮನೆಮಂದಿಯ ಚಹಾಕ್ಕೆ.

ಅತೀಯಾ ಈಗ ಮೂರನೆಯ ಸಲ ಬಸುರಿ. ನಾಲ್ಕು ತಿಂಗಳು ತುಂಬಿತ್ತು. ಐದನೆಯದೊಂದು ದಾಟಲಿ ಎಂದು ಖಾಲಾ ದಿನ ಎಣಿಸುತ್ತಿದ್ದಳು.

ಅಷ್ಟರಲ್ಲಿ ಅವಳಿಗೇ ಜ್ವರ. ಬೆಳಿಗ್ಗೆ ಚೆನ್ನಾಗಿ ಓಡಾಡುವವಳು ಸಂಜೆಗೆ ನಡುಗುತ್ತಿದ್ದಳು. ಹಾಸಿಗೆ ತೊಯ್ಯುವಷ್ಟು ಬೆವರು, ಸೊಂಟ ಹಿಡಿದರೆ ಏಳಲಾಗದು. ಒಬ್ಬರು ಟೈಫಾಯ್ಡ್ ಅಂದರು, ಇನ್ನೊಬ್ಬರು ವಾಯು ಅಂದರು, ಸಲಾಯಿನ್ ಏರಿಸಿದರು. ಹದಿನೈದು ದಿನಕ್ಕೆ ಮತ್ತೆ ಅದೇ ಜ್ವರ. ಆ ದಿನಗಳಲ್ಲೇ ಅವಳ ಮನೆಯ ಮೂರು ಆಡು ಒಂದರ ಹಿಂದೊಂದು ಕಂದು ಹಾಕಿದವು, ದಿನ ತುಂಬುವ ಮೊದಲೇ ಸತ್ತ ಮರಿ ಬಿದ್ದವು. "ಹಾಯ್ದಾಡಿರಬೇಕು ಖಾಲಾ, ಹೊಟ್ಟಿಗೆ ಪೆಟ್ಟು ಬಿದ್ದದ" ಎಂದು ಹೇಳಿದವಳು ಯಾರು? ನಾನೇ. ತರಬೇತಿ ಪಡೆದ ಪಶುಸಖಿ!

ಕೊನೆಗೆ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಖಾಲಾಳನ್ನು ನಾನೇ ಕರೆದೊಯ್ದೆ. ಮೂವತ್ತೂ ದಾಟದ ಡಾಕ್ಟರಮ್ಮ, ಯಾರೂ ಕೇಳದ ಪ್ರಶ್ನೆ ಕೇಳಿದಳು.

"ಅಮ್ಮಾ, ನೀವು ಏನು ಕೆಲಸ ಮಾಡ್ತೀರಿ?"

"ಆಡಿನ ಬಾಣಂತನ ಮಾಡ್ತೀನ್ರಿ" ಎಂದಳು ಖಾಲಾ, ಜ್ವರದಲ್ಲೂ ಎದೆ ಉಬ್ಬಿಸಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ರಕ್ತ ತೆಗೆಸಿದಳು. ಮೂರು ದಿನಕ್ಕೆ ರಿಪೋರ್ಟು ಬಂತು: ಬ್ರುಸೆಲ್ಲೋಸಿಸ್. ಆಡಿನ ಮಾಸಿನಿಂದ, ಹಸಿ ಹಾಲಿನಿಂದ ಮನುಷ್ಯರಿಗೆ ಬರುವ ರೋಗ ಎಂದಳು. ನಮ್ಮ ತರಬೇತಿಯಲ್ಲಿ ಅದನ್ನೇ ಕಂದು ರೋಗ ಎಂದು ಹೇಳಿಕೊಟ್ಟಿದ್ದರು. ನಾನೇ ಬರೆದುಕೊಂಡಿದ್ದೆ. ಗ್ಲೌಸು ಗ್ಲೌಸು ಎಂದು ಬಾಯಿ ಬಡಿದುಕೊಂಡವಳು ಹಾಲಿನ ಮಾತು ಒಂದು ದಿನವೂ ಎತ್ತಿರಲಿಲ್ಲ.

"ಮನೇಲಿ ಬೇರೆ ಯಾರಾದ್ರೂ ಹಸಿ ಹಾಲು ಕುಡೀತಾರಾ?"

"ಯಾರೂ ಇಲ್ರಿ, ಎಲ್ಲಾರಿಗೂ ಚಾನೇ. ನಮ್ಮ ಸೊಸಿಗೆ ಒಬ್ಬಾಕಿಗೇ ನಾ ಕೈಯಾರೆ..." ಖಾಲಾ ಡಾಕ್ಟರಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಆಕಿ ಎರಡು ಜೀವದಾಕಿ ಅದಾಳ್ರಿ."

"ಇವತ್ತೇ ಕರ್ಕೊಂಡು ಬನ್ನಿ" ಎಂದಳು ಡಾಕ್ಟರಮ್ಮ.

"ಮೊದಲು ಎರಡು ಹೋಗ್ಯಾವ್ರಿ. ಅವೂ ಇದರಿಂದೇನು?"

"ಆಗಿರಬಹುದು. ಇಷ್ಟು ದಿನದ ಮೇಲೆ ಗಟ್ಟಿಯಾಗಿ ಹೇಳೋಕಾಗಲ್ಲ ಅಮ್ಮಾ."

ಯಾ ಅಲ್ಲಾ ಎಂದು ಖಾಲಾ ನೆಲಕ್ಕೆ ಕುಸಿದಳು. ಅವಳಿಗೆ ಬರಿಗೈಯಿಂದ ಅಂಟಿತ್ತು; ಆ ಮನೆಯಲ್ಲಿ ಕುದಿಸಿದ ಚಹಾ ಕುಡಿದ ಉಳಿದವರಿಗೆ ಏನೂ ಆಗಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಪ್ರೀತಿ ಯಾರ ಮೇಲಿತ್ತೋ ಅವಳ ಲೋಟಕ್ಕೇ ಇದು ಬಿದ್ದಿತ್ತು.

ಅತೀಯಾಳ ರಕ್ತದಲ್ಲೂ ಅದೇ ಬಂತು. ಸ್ಕ್ಯಾನಿಂಗಿನಲ್ಲಿ ಕೂಸಿನ ಎದೆ ಬಡಿತ ಕೇಳಿತು. ಬಸುರಿಗೆ ಕೊಡಬಹುದಾದ ಮಾತ್ರೆ ಬೇರೆ, ಖಾಲಾಗೆ ಬೇರೆ. ಇಬ್ಬರೂ ವಾರಗಟ್ಟಲೆ ನುಂಗಿದರು. ಪಶು ಡಾಕ್ಟರು ಬಂದು ಹನ್ನೊಂದು ಆಡಿನ ರಕ್ತ ತೆಗೆದರು, ನಾಲ್ಕಕ್ಕೆ ರೋಗವಿತ್ತು. ಅವನ್ನು ಸಂತೆಗೆ ಹೊಡೆಯದಂತೆ ಬೇರೆ ಕಟ್ಟಿಸಿದರು. ಐದನೇ ತಿಂಗಳು ದಾಟಿತು, ಆರು ದಾಟಿತು. ಖಾಲಾ ಸೊಸೆಯ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಎಂಟೂವರೆ ತಿಂಗಳಿಗೆ ಹೆಣ್ಣು ಕೂಸು ಹುಟ್ಟಿತು, ಎರಡು ಕೇಜಿಗಿಂತ ಸ್ವಲ್ಪ ಹೆಚ್ಚು. ಅತ್ತದ್ದು ವಾರ್ಡಿನ ಹೊರಗೂ ಕೇಳಿತು.

ಹೋದ ವಾರ ನೋಡಲು ಹೋಗಿದ್ದೆ. ಅತೀಯಾ ಕೂಸಿಗೆ ಮೊಲೆ ಕೊಡುತ್ತಾ ಕುಳಿತಿದ್ದಳು. ಖಾಲಾ ಪೇಟೆಯ ಪ್ಯಾಕೆಟ್ ಹಾಲನ್ನೇ ಮೂರು ಸಲ ಉಕ್ಕಿಸಿ, ಹೆದರಿ ಹೆದರಿ ಲೋಟ ತಂದು ಪಕ್ಕದಲ್ಲಿಟ್ಟಳು.

"ಅಮ್ಮೀ, ಒಂದು ಮಾತು ಹೇಳ್ಲಿ?" ಎಂದಳು ಅತೀಯಾ, ತಲೆ ಎತ್ತದೆ. "ಆಡಿನ ಹಾಲು ನನಗ ಒಂದಿನಾನೂ ಸೇರಿದ್ದಿಲ್ರಿ. ವಾಸನಿಗೇ ಹೊಟ್ಟಿ ತೊಳಸ್ತಿತ್ತು. ಮೂಗು ಮುಚ್ಕೊಂಡು ಕುಡೀತಿದ್ದೆ."

ಖಾಲಾ ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು. "ಹೇಳಬೇಕಿಲ್ಲೇನ ನನ್ನವ್ವ, ಚೆಲ್ಲಿಬಿಡಬೇಕಿಲ್ಲೇನ!"

"ಎಷ್ಟು ಆಸಿಲೇ ತರ್ತಿದ್ರಿ ಅಮ್ಮೀ. ನಿಮ್ಮ ಮನಸು ನೋಯ್ತದಂತ ಸುಮ್ಮನಾದೆ."