ಮೇಲಿನ ಮನೆಯ ಹೆಡ್‌ಫೋನ್ ಪಾಠ

ಮೊನ್ನೆ ಆಟೋ ಹತ್ತಿದೆ. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಮೂಗಿಗೆ ಬಡಿಯಿತು. ಅದರಿಂದ ಯಾರಿಗಾದರೂ ಸಂಗೀತ ನೆನಪಾದೀತೆ? ನನಗೆ ನೆನಪಾಯಿತು. ತಿರುವನಂತಪುರದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಇಂಜಿನಿಯರರ ಹೆಡ್‌ಫೋನಿಗೂ ಇದೇ ವಾಸನೆಯಿತ್ತು...

ಎಪ್ಪತ್ತರ ದಶಕದ ಮಾತು. ನನ್ನ ಗಂಡನಿಗೆ ಬ್ಯಾಂಕಿನಿಂದ ಅಲ್ಲಿಗೆ ವರ್ಗವಾಗಿತ್ತು. ಇಂಜಿನಿಯರರೂ ನಮ್ಮ ಮೈಸೂರಿನ ಕಡೆಯವರೇ, ಹತ್ತಿರದ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಕೆಲಸ. ತರಬೇತಿಗೆ ವಿದೇಶಕ್ಕೆ ಹೋದವರು ಬರುವಾಗ ಹೆಂಡತಿಗೆ ಒಂದು ಸೆಂಟಿನ ಬಾಟಲಿಯನ್ನೂ ತರದೆ, ತೆಂಗಿನ ಚಿಪ್ಪಿನಷ್ಟು ದಪ್ಪದ ಆ ಹೆಡ್‌ಫೋನನ್ನು ತಂದಿದ್ದರು. ಪುಣ್ಯಾತ್ಗಿತ್ತಿ ಅದಕ್ಕೂ ನಕ್ಕು ಸುಮ್ಮನಾದಳು.

ಭಾನುವಾರ ಸಂಜೆ ಅವರ ಮನೆಯಲ್ಲಿ ನಾವು ಕನ್ನಡದವರೆಲ್ಲ ಸೇರುತ್ತಿದ್ದೆವು. ಕಾಫಿ, ನಿಪ್ಪಟ್ಟು, ಆಮೇಲೆ ಸದ್ದಿನ ಬಗ್ಗೆ ಇಂಜಿನಿಯರರ ಪಾಠ. ಹೆಡ್‌ಫೋನ್ ಮುಟ್ಟುವ ಮುಂಚೆ ಪಾಠ ಕೇಳಲೇಬೇಕು, ಕೇಳಿದ ಪ್ರಶ್ನೆಗೆ ಉತ್ತರಿಸಲೇಬೇಕು. "ಗೊತ್ತಿಲ್ದೆ ಕಿವಿಗೆ ಹಾಕ್ಕೊಂಡ್ರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎನ್ನುತ್ತಿದ್ದರು. ಇಂಪೀಡೆನ್ಸು, ಫ್ರೀಕ್ವೆನ್ಸಿ ಎಲ್ಲ ನಮಗೆ ಕಬ್ಬಿಣದ ಕಡಲೆ. ನನ್ನ ಗಂಡ ಎಷ್ಟೋ ಭಾನುವಾರ ಫೇಲಾದರು. ನಾನು ಉರುಹೊಡೆದು ಪಾಸಾದೆ. ಆದರೆ ಕಿವಿಗೆ ಹಾಕಿಕೊಂಡಾಗ, ಅವರು ಹೇಳಿದ ಕೆಳಗಿನ ಸ್ವರ ಎಲ್ಲಿ, ಮೇಲಿನ ಸ್ವರ ಎಲ್ಲಿ ಎಂದು ಹುಡುಕುವುದರಲ್ಲೇ ಹಾಡು ಮುಗಿದುಹೋಯಿತು!

ಆಗ ನನ್ನ ಅತ್ತೆಯವರ ಕಿವಿ ಮಂದವಾಗುತ್ತಿತ್ತು. ಬೆಳಗಾದರೆ ಹಾಡುತ್ತಿದ್ದವರು ಹಾಡು ನಿಲ್ಲಿಸಿಬಿಟ್ಟಿದ್ದರು. "ಈ ಊರಲ್ಲಿ ಮಾತು ಕೇಳ್ಸಲ್ಲ, ಕೇಳ್ಸಿದ್ರೂ ಅರ್ಥ ಆಗಲ್ಲ, ನನ್ನನ್ನ ಮೈಸೂರಿಗೆ ತಮ್ಮನ ಹತ್ರ ಕಳಿಸಿಬಿಡಿ" ಎಂದು ಹಟ ಹಿಡಿದಿದ್ದರು. ನನಗೆ ಅವರನ್ನು ಬಿಟ್ಟಿರುವ ಮನಸ್ಸಿರಲಿಲ್ಲ. ಒಂದು ಭಾನುವಾರ ಬಲವಂತದಿಂದ ಮೇಲೆ ಕರೆದೊಯ್ದೆ.

ಇಂಜಿನಿಯರರು ಎಂದಿನಂತೆ ಪಾಠ ಶುರುಮಾಡಿದರು. ಅತ್ತೆ ಅವರ ಬಾಯನ್ನೇ ನೋಡಿದರು, ತಲೆಯಾಡಿಸಿದರು. ಕೊನೆಗೆ, "ಎಷ್ಟು ಮಾತಾಡ್ತಿಯಪ್ಪಾ, ಗಂಟಲು ಒಣಗಲ್ವೆ?" ಎಂದು ಕೈಚಾಚಿ ಹೆಡ್‌ಫೋನ್ ಎತ್ತಿ ತಾವೇ ಹಾಕಿಕೊಂಡರು, ಅದೂ ಎಡಬಲ ಅದಲುಬದಲಾಗಿ.

ಬೇರೆ ದಾರಿಯಿಲ್ಲದೆ ಇಂಜಿನಿಯರರು ವೀಣೆಯ ರೆಕಾರ್ಡ್ ಹಾಕಿದರು. ಅತ್ತೆಯ ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ಕೈ ಮಾತ್ರ ಬಲಗಿವಿಯನ್ನು ಒತ್ತಿ ಹಿಡಿದಿತ್ತು. ಅದನ್ನು ಕಂಡು, ಆ ಕಿವಿಗೆ ಇನ್ನೂ ಸ್ವಲ್ಪ ಕೇಳುತ್ತಿದೆ ಎಂದು ಇಂಜಿನಿಯರರಿಗೆ ಹೊಳೆಯಿತು. ಪಾಠ ಅಲ್ಲಿಗೇ ಬಿಟ್ಟು ಆಂಪ್ಲಿಫೈಯರ್ ಮುಂದೆ ನೆಲದಲ್ಲಿ ಕೂತು, ಸದ್ದನ್ನು ಆ ಕಿವಿಯ ಕಡೆಗೇ ಹೊರಳಿಸಿ, ಅತ್ತೆಯ ಮುಖ ನೋಡುತ್ತಾ ಒಂದೊಂದೇ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದರು...

ಅತ್ತೆ ಇದ್ದಕ್ಕಿದ್ದಂತೆ ಹಾಡಿದರು. ತಮ್ಮ ದನಿ ತಮಗೇ ಕೇಳದು, ಶ್ರುತಿ ಯಾವ ದಿಕ್ಕಿಗೋ ಹೋಗಿತ್ತು, ಗಂಟಲೋ ಗಗನಕ್ಕೆ! ನಮ್ಮ ಪಕ್ಕದ ಮನೆಯ ಮಲಯಾಳಿ ಹೆಂಗಸು, ನಾವೆಲ್ಲ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದವಳು, ಯಾರಿಗೋ ಏನೋ ಆಯಿತೆಂದು ಒದ್ದೆ ಕೈಯಲ್ಲೇ ಓಡಿಬಂದಳು. ಇಂಜಿನಿಯರರು ಬೆರಳು ತುಟಿಗಿಟ್ಟು ಅವಳನ್ನೂ ಕೂರಿಸಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಲೇ ಅತ್ತುಬಿಟ್ಟೆ.

ಮೈಸೂರಿನ ಮಾತು ಅಲ್ಲಿಗೇ ನಿಂತಿತು. "ಭಾನುವಾರ ಬಿಟ್ಟು ಹೇಗೆ ಹೋಗೋದು?" ಎಂದರು ಅತ್ತೆ. ನಮಗೆ ಮಾತ್ರ ಪಾಠ, ಪರೀಕ್ಷೆ ತಪ್ಪಲಿಲ್ಲ. ಸವಿಯಲು ಅತ್ತೆಗೆ ಆ ವಿದ್ಯೆ ಯಾವುದೂ ಬೇಕಿರಲಿಲ್ಲ. ಆದರೆ ಅದು ಗೊತ್ತಿದ್ದ ಒಬ್ಬರು ಪಕ್ಕದಲ್ಲಿರದಿದ್ದರೆ ಅವರಿಗೆ ಆ ಸವಿ ಸಿಗುತ್ತಲೂ ಇರಲಿಲ್ಲ.

ಮುಂದೆ ನಮಗೆ ಕೊಚ್ಚಿಗೆ ವರ್ಗವಾಯಿತು. ಅತ್ತೆ ಅಲ್ಲೇ ತೀರಿಕೊಂಡರು. ಇಂಜಿನಿಯರರ ಮನೆಯವರೊಂದಿಗಿನ ಹೊಸವರ್ಷದ ಕಾರ್ಡುಗಳೂ ಕ್ರಮೇಣ ನಿಂತವು...

ಆಟೋ ಇಳಿದು ಮನೆಗೆ ಬಂದವಳೇ ಅವರಿವರನ್ನು ಕೇಳಿ ನಂಬರು ಪಡೆದು ಫೋನ್ ಮಾಡಿದೆ. ಎತ್ತಿದ್ದು ಅವರ ಮಗಳು. ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಅಪ್ಪ ಹೋಗಿ ಎರಡು ವರ್ಷವಾಯಿತು ಎಂದಳು. ಕೊನೆಗೆ ಅವರ ಕಿವಿಯೂ ಹೋಗಿತ್ತಂತೆ.

"ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ ನೋಡಿದೆ ಆಂಟಿ. ಯಾವುದನ್ನ ಎಷ್ಟು ತಿರುಗಿಸ್ಬೇಕೋ ಗೊತ್ತಾಗ್ಲಿಲ್ಲ. ಅಪ್ಪನ ಪಾಠ ಮನೇಲಿ ಯಾರೂ ಕಲೀಲಿಲ್ಲ."

ನಾನು ಕಲಿತಿದ್ದೆ. ಅವರ ಹತ್ತಿರವಿರಲಿಲ್ಲ.