ನುಂಗಿ ಹಾಕಿದ ಎರರ್

"ನೋಡೇ, ಹೋದ ತಿಂಗಳು ಎಷ್ಟಿತ್ತೋ ಅಷ್ಟೇ! ಒಂದು ಪಾಯಿಂಟೂ ಏರಿಲ್ಲ," ಎಂದು ಪಕ್ಕದ ಮನೆಯ ಸಾವಿತ್ರಿ ಆಂಟಿ ಶುಗರ್ ರಿಪೋರ್ಟನ್ನು ನನ್ನ ಮುಖಕ್ಕೇ ಹಿಡಿದರು. ಆ ಖುಷಿಗೆ ಒಂದು ಹೋಳಿಗೆಯೂ ಒಳಗೆ ಹೋಗಿತ್ತು.

ನನಗೆ ಖುಷಿಯಾಗಲಿಲ್ಲ. ಊಟಕ್ಕೆ ಮುಂಚಿನದು, ನಂತರದ್ದು, ಎರಡೂ ಹಳೆಯ ರಿಪೋರ್ಟಿನ ಪಡಿಯಚ್ಚು. ಮನುಷ್ಯರ ರಕ್ತ ಹಾಗಿರುತ್ತದೆಯೇ? ಮೇಲಾಗಿ, ಆ ರಿಪೋರ್ಟ್ ಕೊಟ್ಟ ಲ್ಯಾಬಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದು ನಾನು ಕೆಲಸ ಮಾಡುವ ಅತ್ತಿಗುಪ್ಪೆಯ ಪುಟ್ಟ ಕಂಪನಿ.

ಮರುದಿನ ಆಫೀಸಿಗೆ ಹೋದವಳೇ ಕೋಡ್ ತೆರೆದೆ. ಸಿಕ್ಕಿತು. ಯಂತ್ರದಿಂದ ರೀಡಿಂಗ್ ಬರದಿದ್ದಾಗ ಹುಟ್ಟುವ ಎರರನ್ನು ಸದ್ದಿಲ್ಲದೆ ನುಂಗಿ, ಅದೇ ರೋಗಿಯ ಹಳೆಯ ಅಂಕಿಯನ್ನು ಹೊಸ ರಿಪೋರ್ಟಿನಲ್ಲಿ ಕೂರಿಸುವಂತೆ ಬರೆದಿತ್ತು!

(ಕೆಲವು ಪ್ರೋಗ್ರಾಮಿಂಗ್ ಭಾಷೆಗಳು ಎಡವಟ್ಟಾದರೆ ಕೂಗಿಕೊಳ್ಳುತ್ತವೆ, ಯಾರೂ ಓಗೊಡದಿದ್ದರೆ ಪ್ರೋಗ್ರಾಮೇ ನಿಲ್ಲುತ್ತದೆ. ಇನ್ನು ಕೆಲವು ಉತ್ತರದ ಜೊತೆಗೇ ಎರರನ್ನೂ ಕೈಗಿಡುತ್ತವೆ, ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಯಾವುದು ಮೇಲು ಎಂದು ನಮ್ಮವರು ಕಾಫಿ ಆರುವ ತನಕ ಜಗಳಾಡುತ್ತಾರೆ. ಮುಚ್ಚಿಹಾಕಲೆಂದೇ ಕೂತವನನ್ನು ಯಾವ ಭಾಷೆ ತಡೆದೀತು?)

ಆಂಟಿಗೆ ಫೋನ್ ಮಾಡಿ, "ಇವತ್ತೇ ಬೇರೆ ಲ್ಯಾಬಲ್ಲಿ ಟೆಸ್ಟ್ ಮಾಡಿಸಿ" ಎಂದೆ. ಆಮೇಲೆ ಬಾಸ್ ಬಳಿ ಹೋಗಿ ಆ ಸಾಲುಗಳನ್ನು ತೋರಿಸಿದೆ.

"ಅದು ನಾನೇ ಹಾಕಿಸಿದ್ದು ಮೇಡಂ. ಸ್ಕ್ರೀನಲ್ಲಿ ಕೆಂಪಗೆ ಎರರ್ ಬಂದ್ರೆ ಕ್ಲೈಂಟ್ ಗಾಬರಿ ಆಗ್ತಾರೆ."

"ಆಗ್ಲಿ ಸಾರ್."

"ರಿಪೋರ್ಟ್ ನಿಂತೋದ್ರೆ ನಮ್ಮನ್ನ ಬೈತಾರೆ."

"ಬೈಲಿ ಸಾರ್. ಸುಳ್ಳು ರಿಪೋರ್ಟ್ ನೋಡಿ ಯಾರಾದ್ರೂ ಮಾತ್ರೆ ಬಿಟ್ರೆ?"

ಅವರು ಮಾತು ಮುಗಿಯಿತೆಂಬಂತೆ ಫೋನ್ ಕೈಗೆತ್ತಿಕೊಂಡರು. ನಾನು ಸೀಟಿಗೆ ಬಂದು ಆ ಸಾಲುಗಳನ್ನು ಅಳಿಸಿ, "ರೀಡಿಂಗ್ ಬಂದಿಲ್ಲ. ರಿಪೋರ್ಟ್ ಕೊಡಬೇಡಿ" ಎಂದು ಸ್ಕ್ರೀನಿನಲ್ಲಿ ಕೆಂಪು ದಪ್ಪಕ್ಷರದಲ್ಲಿ ಬರುವಂತೆ ಬರೆದೆ. ಯಾರನ್ನೂ ಕೇಳದೆ ಹೊಸ ಕೋಡನ್ನು ಲ್ಯಾಬಿಗೆ ಕಳಿಸಿದೆ.

ಸಂಜೆಯೊಳಗೆ ಲ್ಯಾಬಿನ ಸ್ಕ್ರೀನ್ ಕೆಂಪಾಯಿತು. ಮಾಲೀಕರು ಬಾಸ್‌ಗೆ ಫೋನಿನಲ್ಲೇ ಮಂಗಳಾರತಿ ಎತ್ತಿದರು. ಬೈದು ಮುಗಿಸಿ ಯಂತ್ರವನ್ನು ನೋಡಿದರೆ, ಕಂಪ್ಯೂಟರಿಗೆ ಬರುವ ಕೇಬಲ್ ಸಡಿಲವಾಗಿತ್ತು! ಆಮೇಲೆ ಬೈಗುಳ ನಿಂತಿತು. ಈಚೆಗೆ ರಿಪೋರ್ಟ್ ಒಯ್ದವರನ್ನೆಲ್ಲ ಮತ್ತೆ ಕರೆಸತೊಡಗಿದರು.

ಆಂಟಿಯ ನಿಜವಾದ ಶುಗರ್ ಚೆನ್ನಾಗಿಯೇ ಏರಿತ್ತು. ಡಾಕ್ಟರು ಮಾತ್ರೆ ಬದಲಿಸಿದರು. "ಆ ಲ್ಯಾಬಿನೋರ ಮೇಲೆ ನಂಬಿಕೆ ಇಟ್ಟಿದ್ನಲ್ಲೇ," ಎಂದು ಆಂಟಿ ಮೆಟ್ಟಿಲ ಮೇಲೇ ಕುಸಿದು ಕೂತರು. ಆ ಮುಖ ನೋಡಿ ನನಗೆ ಮೈಯೆಲ್ಲ ಉರಿಯಿತು.

ಮರುದಿನ ಬಾಸ್ ಕರೆದರು. "ಕೇಬಲ್ ಸರಿಯಾಯ್ತಲ್ಲ, ಹಳೇ ಕೋಡ್ ವಾಪಸ್ ಹಾಕಿ ಮೇಡಂ."

"ಹಾಕಲ್ಲ ಸಾರ್. ಬೇಕಿದ್ರೆ ನೀವೇ ಹಾಕಿ, ಪಕ್ಕದಲ್ಲಿ ನಿಮ್ಮ ಹೆಸರೂ ಬರೀರಿ."

ಅವರು ಇನ್ನೂ ಹಾಕಿಲ್ಲ. ನನ್ನನ್ನು ಕೆಲಸದಿಂದ ತೆಗೆದರೂ ತೆಗೆದಾರು. ತೆಗೆಯಲಿ.

ಜನ ಗಾಬರಿಯಾಗಬಾರದು ಎಂದು ಸತ್ಯವನ್ನೇ ಬಚ್ಚಿಡುವವರಿಗೆ ನಾವು ಇನ್ನೆಷ್ಟು ಕಾಲ 'ಸರಿ ಸಾರ್' ಅನ್ನೋಣ?