ಗುಡ್ಡಳ್ಳಿಯಲ್ಲಿ ನಾನು ಎಣಿಸಿದ ಹದಿನೇಳು ತಲೆಗಳು

ಶ್ರೀ ಸೋಮಣ್ಣನವರಿಗೆ,

ವಿಷಯ: ಚಾರಣದ ದಿನದ ತಪ್ಪು ಎಣಿಕೆ ನನ್ನದೆಂದು ಒಪ್ಪಿಕೊಳ್ಳುವ ಬಗ್ಗೆ.

ಮಾನ್ಯರೇ,

ನನ್ನ ಅಕ್ಷರ ದುಂಡಗಿಲ್ಲ, ಒತ್ತು ದೀರ್ಘಗಳೂ ತಪ್ಪಿರಬಹುದು — ಮೊದಲಿಗೇ ಕ್ಷಮೆ ಕೋರುತ್ತೇನೆ. ಸಂಘದ ಅರ್ಜಿಗಳನ್ನು ನೋಡಿಕೊಂಡು ಈ ರೀತಿ ಬರೆದಿದ್ದೇನೆ. ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಆರು ವರ್ಷಗಳ ಹಿಂದೆ ನಮ್ಮ ಮಹಿಳಾ ಸಂಘದ ಚಾರಣದಲ್ಲಿ ನಿವೃತ್ತ ಶಿಕ್ಷಕಿ ಅಕ್ಕೋರನ್ನು ಗುಡ್ಡದ ಮೇಲೆ ಬಿಟ್ಟು ಇಳಿದದ್ದು ತಮ್ಮ ತಪ್ಪಲ್ಲ. ನನ್ನ ತಪ್ಪು. ಅದು ನನಗೆ ಆ ದಿನವೇ ಗೊತ್ತಿತ್ತು.

ನಮ್ಮ ಗೈಡ್ ಆಗಿ ತಾವು ಕತ್ತಿ ಹಿಡಿದು ಮುಂದೆ ದಾರಿ ಬಿಡಿಸುತ್ತಿದ್ದಿರಿ. ಎಲ್ಲರಿಗಿಂತ ಹಿಂದೆ ನಡೆದು, ನಿಂತಲ್ಲೆಲ್ಲ ತಲೆ ಎಣಿಸುವ ಕೆಲಸವನ್ನು ನನಗೆ ವಹಿಸಿದ್ದಿರಿ. ನಾವು ಹದಿನೇಳು ಹೆಂಗಸರು. ತುದಿಯಲ್ಲಿ ಬುತ್ತಿ ಉಂಡು, ಕಾಳಿ ನದಿ ಸಮುದ್ರ ಸೇರುವುದನ್ನು ಕಣ್ತುಂಬ ನೋಡಿ, ಇಳಿಯುವ ಮೊದಲು ಎಣಿಸಲು ನಿಂತೆ. ಬಾಂಗ್ಡೆ ಮೀನು ಮಾರುವ ನನ್ನಂಥವಳ ಬಾಯಲ್ಲಿ ‘ಒಂದು’ ಬರುವುದಿಲ್ಲ. ಮೊದಲನೆಯದಕ್ಕೆ ನಾವು ‘ಲಾಭ’ ಎನ್ನುತ್ತೇವೆ. ಎದೆ ಮುಟ್ಟಿಕೊಂಡು “ಲಾಭ” ಎಂದೆ. “ಎರಡು, ಮೂರು” ಎಂದು ಬೊಟ್ಟು ಮಾಡುತ್ತ ಹೋದೆ.

“ಬಾಯೋ, ಬಾಂಗ್ಡೆ ಅಲ್ಲ, ಮಂದಿ ಎಣ್ಸುದು!” ಎಂದು ನನ್ನ ಅಣ್ಣನ ಹೆಂಡತಿ, ವೈನಿ, ಕೂಗಿದರು. “ಮೇಲೆ ಕೊಸರು ಎಷ್ಟ್ ಹಾಕ್ತೆ?”

ಎಲ್ಲರೂ ನಕ್ಕರು. ಆ ಗಲಿಬಿಲಿಯಲ್ಲಿ ಕೊನೆಗೆ ಮತ್ತೆ ನನ್ನನ್ನೇ ಎಣಿಸಿಕೊಂಡು, “ಹದಿನೇಳು, ಬರೋಬರ್!” ಎಂದುಬಿಟ್ಟೆ.

ಅರ್ಧ ಇಳಿದಾಗ ಹೊಳೆಯಿತು — ಲಾಭವೂ ನಾನೇ, ಹದಿನೇಳೂ ನಾನೇ. ಕೂಗಬೇಕಿತ್ತು. ಆದರೆ ಮತ್ತೆ ನಗುತ್ತಾರೆ ಎಂದು... ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ.

ಕೆಳಗೆ ಬಸ್ಸು ಹತ್ತುವಾಗ ಅಕ್ಕೋರು ಇಲ್ಲವೆಂದು ತಿಳಿಯಿತು. ತಾವು ಒಬ್ಬರೇ ಮೇಲಕ್ಕೆ ಓಡಿದಿರಿ. ಬಂಡೆಯ ಮರೆಯಲ್ಲಿ ಕಾಲು ಉಳುಕಿ ಕುಳಿತಿದ್ದವರನ್ನು ಬೆನ್ನ ಮೇಲೆ ಹೊತ್ತು ಇಳಿಸುವಷ್ಟರಲ್ಲಿ ಸೂರ್ಯ ಸಮುದ್ರ ಮುಟ್ಟಿದ್ದ.

“ತಲೆ ಲೆಕ್ಕ ಇಡೂಕೆ ಬರೂದಿಲ್ಲ, ನೀ ಎಂಥಾ ಗೈಡ್ ರಾ?” ಎಂದರು ನಮ್ಮ ಅಧ್ಯಕ್ಷೆ.

ತಾವು ಒಮ್ಮೆ — ಒಂದೇ ಒಮ್ಮೆ — ನನ್ನ ಕಡೆ ನೋಡಿದಿರಿ. ಆಮೇಲೆ, “ನಂದೇ ಚೂಕ್ ಆಯ್ತು, ಅಮ್ಮಾ” ಎಂದಿರಿ. ನಾನು ಚಪ್ಪಲಿಯ ಮಣ್ಣು ಕೆರೆಯುತ್ತ ನಿಂತಿದ್ದೆ.

ಆ ಮಾತು ಊರೆಲ್ಲ ಹಬ್ಬಿತು. ಯಾವ ತಂಡವೂ ತಮ್ಮನ್ನು ಕರೆಯದಾಯಿತು. ಗುಡ್ಡವನ್ನು ಅಂಗೈಯಂತೆ ಬಲ್ಲ ತಾವು ಹಣಕೋಣದ ಕಡೆ ಕಂಡವರ ಗದ್ದೆ ಕೆಲಸಕ್ಕೆ ಹೋಗಬೇಕಾಯಿತು. ತಾವು ಮೀನು ಪೇಟೆಗೆ ಬಂದಾಗಲೆಲ್ಲ ಎರಡು ಬಾಂಗ್ಡೆ ಕೊಸರು ಹಾಕಿದೆ. ಹೇಳಬೇಕಾದ ಮಾತು ಮಾತ್ರ —

ಕಳೆದ ವಾರ ಸಂಘದ ಸಭೆಯಲ್ಲಿ ಮತ್ತೆ ಗುಡ್ಡಳ್ಳಿಗೆ ಹೋಗುವ ವಿಷಯ ಬಂತು. ಬೇರೆ ಗೈಡ್ ಹೆಸರು ಬರೆಯುತ್ತಿದ್ದರು. ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷೆ ತಲೆ ತಗ್ಗಿಸಿದರು. ಕೋಲು ಊರಿ ಕುಳಿತಿದ್ದ ಅಕ್ಕೋರೇ ಮೊದಲು ಬಾಯಿ ಬಿಟ್ಟರು: “ಹಂಗಾರೆ ಸೋಮಣ್ಣನೇ ಬರ್ಲಿ. ನನ್ನ ಹೊತ್ಕಂಡ್ ಇಳ್ದವನಿಗಿಂತ ಚಲೋ ದಾರಿ ಯಾರಿಗ್ ಗೊತ್ತುಂಟು?”

ಬರೆದ ಹೆಸರು ಹೊಡೆದು ತಮ್ಮ ಹೆಸರು ಬರೆದಿದ್ದಾರೆ. ಕರೆಯಲು ಅಧ್ಯಕ್ಷೆಯೇ ಖುದ್ದಾಗಿ ಬರುವವರಿದ್ದಾರೆ. ಒಪ್ಪುವುದು, ಬಿಡುವುದು ತಮ್ಮ ಇಷ್ಟ. ನನ್ನನ್ನು ಕ್ಷಮಿಸುವುದೂ ಅಷ್ಟೇ. ಹಿಂದೆ ನಡೆಯುವ ಕೆಲಸ ಮತ್ತೆ ನನಗೇ ಕೊಟ್ಟರೆ ‘ಒಂದು’ ಎಂದೇ ಶುರುಮಾಡುತ್ತೇನೆ — ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ.

ಈ ಪತ್ರದಲ್ಲಿ ತಪ್ಪು ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು, ಚಾರಣದ ದಿನ ಜೊತೆಗೆ ತರಬೇಕಾಗಿ ವಿನಂತಿ. ಗುಡ್ಡದ ತುದಿಯಲ್ಲಿ, ಕೋಲು ಊರಿಯೇ ಬರುತ್ತೇನೆಂದಿರುವ ಅಕ್ಕೋರ ಎದುರು ಕುಳಿತು ತಿದ್ದಿ ಬರೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶಾಲಿನಿ, ಸದಾಶಿವಗಡ